ಅಮ್ಮನ ಹಾಗೆ: 'ಲೈಕ್' ಎಂಬ ಪದದ ಬೆನ್ನು ಹತ್ತಿ

ಎಂಟನೆಯ ತರಗತಿಯ ಒಂದು ನೋಟ್‌ಬುಕ್‌ನಲ್ಲಿ ಈ ವಾಕ್ಯವಿತ್ತು: 'ಐ ಆಮ್ ಲೈಕ್ ಮೈ ಮದರ್.' ಮೇಜಿನ ಮೇಲೆ ಪುಸ್ತಕಗಳ ರಾಶಿ, ಹೊರಗೆ ಜುಲೈ ತಿಂಗಳ ಮಳೆ, ಕರೆಂಟು ಯಾವಾಗ ಹೋಗುತ್ತದೆಯೋ ಎಂಬ ಅವಸರ. ನಾನು ಯೋಚಿಸಲಿಲ್ಲ. ಕೆಂಪು ಪೆನ್ನಿನಿಂದ 'ಆಮ್' ಎಂಬುದನ್ನು ಹೊಡೆದು ಹಾಕಿದೆ, ಅರ್ಧ ಅಂಕ ಕಳೆದೆ, ಮುಂದಿನ ಪುಸ್ತಕ ತೆಗೆದುಕೊಂಡೆ.

'ನನ್ನ ಕುಟುಂಬ' ಎಂಬ ವಿಷಯದ ಮೇಲೆ ಹತ್ತು ವಾಕ್ಯ ಬರೆದು ತನ್ನಿ ಎಂದು ಹೇಳಿದ್ದೆ. ಮಕ್ಕಳೆಲ್ಲ ಅಪ್ಪ ಇಷ್ಟ, ಅಮ್ಮ ಇಷ್ಟ, ಮನೆಯ ನಾಯಿ ಇಷ್ಟ ಎಂದು ಬರೆದಿದ್ದರು. ಕ್ರಿಯಾಪದದ ಹಿಂದೆ ಬೇಡದ 'ಆಮ್' ಸೇರಿಸುವುದು ನಮ್ಮ ಮಕ್ಕಳ ಹಳೆಯ ಅಭ್ಯಾಸ. ಇವಳದೂ ಅದೇ ಎಂದುಕೊಂಡೆ.

ಮರುದಿನ ಬಿಸಿಯೂಟದ ಗಂಟೆ ಹೊಡೆದ ಮೇಲೆ ಆ ಹುಡುಗಿ ಪುಸ್ತಕ ಹಿಡಿದುಕೊಂಡು ಬಂದಳು. ತಟ್ಟೆ ಇನ್ನೂ ಕೈಯಲ್ಲೇ ಇತ್ತು. "ಮೇಡಂ, ನಾನು ಅಮ್ಮ ಇಷ್ಟ ಎಂದು ಬರೆದದ್ದಲ್ಲ. ಅಮ್ಮನ ಹಾಗೆ ಇದ್ದೇನೆ ಎಂದು ಬರೆದದ್ದು."

ಅವಳ ಅಮ್ಮ ಬೆಂಗಳೂರಿನಲ್ಲಿ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗಿ ಎರಡು ವರ್ಷವಾಗಿತ್ತು. ಹುಡುಗಿ ಅಜ್ಜಿಯ ಜೊತೆ ಊರಿನಲ್ಲಿದ್ದಳು. ದಾರಿಯಲ್ಲಿ ಸಿಕ್ಕವರೆಲ್ಲ 'ಥೇಟ್ ನಿನ್ನ ಅಮ್ಮನೇ ಕಣೇ' ಎನ್ನುತ್ತಿದ್ದರಂತೆ. ಅದನ್ನೇ ಅವಳು ಇಂಗ್ಲಿಷಿನಲ್ಲಿ ಬರೆದಿದ್ದಳು. ವಾಕ್ಯ ಪೂರ್ತಿ ಸರಿಯಾಗಿತ್ತು. ಅದರ ಮುಂದೆ ಇನ್ನೆರಡು ವಾಕ್ಯಗಳಿದ್ದವು: ಅಮ್ಮ ಬೇಗ ಬೇಗ ನಡೆಯುತ್ತಾಳೆ, ನಾನೂ ಬೇಗ ಬೇಗ ನಡೆಯುತ್ತೇನೆ. ಅವನ್ನೂ ನಾನು ಓದಿ ಸರಿ ಗುರುತು ಹಾಕಿದ್ದೆ. ಮೂರೂ ಒಂದೇ ಮಾತು ಎಂಬುದು ನನಗೆ ಕಾಣಿಸಿರಲಿಲ್ಲ.

ಅರ್ಧ ಅಂಕ ಹಿಂದಿರುಗಿಸಿದೆ. ಆದರೆ ಆ ಪದ ನನ್ನನ್ನು ಬಿಡಲಿಲ್ಲ. ಇಷ್ಟು ವರ್ಷ ಇಂಗ್ಲಿಷ್ ಕಲಿಸಿದವಳು ನಾನು. 'ಲೈಕ್' ಎಂದರೆ ಒಂದು ಕಡೆ ಇಷ್ಟಪಡು, ಇನ್ನೊಂದು ಕಡೆ ಹಾಗೆ, ಎರಡಕ್ಕೂ ಸಂಬಂಧವಿಲ್ಲ, ಬಾಯಿಪಾಠ ಮಾಡಿ ಎಂದು ಎಷ್ಟು ತರಗತಿಗಳಿಗೆ ಹೇಳಿದ್ದೇನೋ. ಸಂಬಂಧವಿಲ್ಲ ಎಂದದ್ದು ತಪ್ಪು. ಆ ತಪ್ಪನ್ನು ತಿದ್ದಿಕೊಳ್ಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಹಳೆಯ ಇಂಗ್ಲಿಷಿನಲ್ಲಿ 'ಲೀಚ್' ಎಂಬ ಪದವಿತ್ತು. ಅದರ ಅರ್ಥ ಮೈ, ಒಡಲು. ಬದುಕಿರುವ ಮೈಯೂ ಹೌದು, ಹೆಣವೂ ಹೌದು. ಜರ್ಮನ್ ಭಾಷೆಯಲ್ಲಿ ಅದೇ ಕುಲದ 'ಲೈಖೆ' ಎಂಬ ಪದಕ್ಕೆ ಇಂದಿಗೂ ಹೆಣ ಎಂದೇ ಅರ್ಥ. ಇಂಗ್ಲೆಂಡಿನ ಹಳೆಯ ಚರ್ಚುಗಳ ಅಂಗಳಕ್ಕೆ ಹೋಗುವಲ್ಲಿ ಹೆಂಚಿನ ಮಾಡು ಹೊದಿಸಿದ ಒಂದು ಬಾಗಿಲಿರುತ್ತದೆ. ಹೂಳುವ ಮೊದಲು ಶವಪೆಟ್ಟಿಗೆಯನ್ನು ಅಲ್ಲಿ ಇಳಿಸಿ, ಪಾದ್ರಿ ಬರುವವರೆಗೆ ಕಾಯುತ್ತಿದ್ದರು. ಆ ಬಾಗಿಲಿನ ಹೆಸರು 'ಲಿಚ್ ಗೇಟ್', ಎಂದರೆ ಹೆಣದ ಬಾಗಿಲು. ಮೈ ಎಂಬ ಆ ಹಳೆಯ ಅರ್ಥ ಇಂಗ್ಲಿಷಿನಲ್ಲಿ ಈಗ ಹೆಚ್ಚು ಕಡಿಮೆ ಆ ಬಾಗಿಲಲ್ಲಿ ಮಾತ್ರ ಉಳಿದಿದೆ.

ಈ ಮೈಗೆ 'ಗೆ' ಎಂಬ ಒಂದು ಮುಂಭಾಗ ಸೇರಿ 'ಗೆಲೀಚ್' ಆಯಿತು: ಅದೇ ಮೈಯುಳ್ಳದ್ದು, ಒಂದೇ ಆಕಾರದ್ದು. ಜರ್ಮನ್ನರ 'ಗ್ಲೈಖ್' ಇದರ ಒಡಹುಟ್ಟು. ಕಾಲ ಕಳೆದಂತೆ ಮುಂಭಾಗ ಸವೆದು ಬರಿಯ 'ಲೈಕ್' ಉಳಿಯಿತು. ಅಂದರೆ 'ನಾನು ಅಮ್ಮನ ಹಾಗೆ' ಎಂದು ಇಂಗ್ಲಿಷಿನಲ್ಲಿ ಹೇಳುವಾಗ ಪದದ ತಳದಲ್ಲಿರುವ ಮಾತು 'ನಾನು ಅಮ್ಮನ ಮೈಯವಳು' ಎಂಬುದು.

ಇದನ್ನು ತಿಳಿದ ದಿನ ನನಗೆ ನಮ್ಮ ಮನೆಯ ಹೆಂಗಸರ ಮಾತು ನೆನಪಾಯಿತು. ಮಗು ಹುಟ್ಟಿದಾಗ ತೊಟ್ಟಿಲ ಸುತ್ತ ನಿಂತು 'ಮೂಗು ಅಜ್ಜನದು, ಹಣೆ ಸೋದರತ್ತೆಯದು, ಮೈಕಟ್ಟೆಲ್ಲ ಅಪ್ಪನದೇ' ಎಂದು ಹಂಚುತ್ತಾರಲ್ಲ, ಅದು. ಕನ್ನಡದಲ್ಲಿ ಹೋಲಿಕೆಯ ಅಳತೆಗೆ ಮೈಗಿಂತ ಅಚ್ಚು ಹೆಚ್ಚು ಬಳಕೆಯಲ್ಲಿದೆ. 'ಅಚ್ಚು ತಾಯಿಯ ಹಾಗೆ', 'ಅಪ್ಪನ ಪಡಿಯಚ್ಚು', 'ಎರಕ ಹೊಯ್ದ ಹಾಗೆ'. ಬೆಲ್ಲ ಹೊಯ್ಯುವ ಅಚ್ಚು, ಕಂಚು ಹೊಯ್ಯುವ ಎರಕ ನಮ್ಮ ಕಣ್ಣ ಮುಂದಿದ್ದವು. ಅವರು ಮೈಯಿಂದ ಅಳೆದರು, ನಾವು ಅಚ್ಚಿನಿಂದ ಅಳೆದೆವು.

ಆ 'ಲೀಚ್' ಅಷ್ಟಕ್ಕೇ ನಿಲ್ಲಲಿಲ್ಲ. ಕ್ರಿಯಾವಿಶೇಷಣಗಳ ಕೊನೆಯಲ್ಲಿ ಬರುವ 'ಲಿ' ಇದರದೇ ತುಂಡು. 'ಸ್ಲೋಲಿ', 'ಬ್ರೈಟ್‌ಲಿ' ಎಂದು ಮಕ್ಕಳು ರಾಗವಾಗಿ ಓದುವಾಗ ಒಂದೊಂದರ ಬಾಲದಲ್ಲೂ ಆ ಹಳೆಯ ಮೈ ಇರುತ್ತದೆ. ಇನ್ನೂ ಆಳದಲ್ಲಿ, 'ಸಚ್', 'ವಿಚ್', 'ಈಚ್' ಎಂಬ ಮೂರು ಪದಗಳ ಕೊನೆಯ 'ಚ್' ಕೂಡ ಅದೇ. 'ಸಚ್' ಎಂದರೆ ಮೊದಲಿಗೆ 'ಹಾಗಿರುವ ಮೈಯದು', 'ವಿಚ್' ಎಂದರೆ 'ಯಾವ ಬಗೆಯ ಮೈಯದು'. ಕನ್ನಡದಲ್ಲಿ ಹೇಳುವುದಾದರೆ ಅಂಥ ಮತ್ತು ಎಂಥ!

ನಾನು ಹುಟ್ಟಿ ಬೆಳೆದದ್ದು ಹಾಸನದ ಕಡೆ. ಅಲ್ಲಿ 'ಎಂಥ' ಎಂದರೆ ಬಗೆಯನ್ನು ಕೇಳುವ ಪದ: ಎಂಥ ಮನುಷ್ಯ, ಎಂಥ ಸೀರೆ. ಕೆಲಸ ಸಿಕ್ಕಿ ಮಲೆನಾಡಿಗೆ ಬಂದಾಗ ಇಲ್ಲಿನ ಮಕ್ಕಳು 'ಎಂಥ ಮೇಡಂ?' ಎಂದು ಕೇಳಿದರೆ ನನಗೆ ತಬ್ಬಿಬ್ಬು. ಅವರು ಕೇಳುತ್ತಿದ್ದದ್ದು 'ಏನು?' ಎಂದು. ಕರಾವಳಿಯಲ್ಲೂ ಹೀಗೆಯೇ. ಬಗೆಯನ್ನು ಕೇಳುತ್ತಿದ್ದ ಪದ ಮೆಲ್ಲಗೆ ಸರಿದು ವಸ್ತುವನ್ನೇ ಕೇಳುವ ಪದವಾಗಿದೆ. ಇಂಗ್ಲಿಷಿನ 'ವಿಚ್' ಕೂಡ 'ಎಂಥದು' ಎಂದು ಶುರುವಾಗಿ 'ಯಾವುದು' ಎಂಬಲ್ಲಿಗೆ ಬಂದು ನಿಂತಿದೆ. ಎಲ್ಲೋ ಇರುವ ಎರಡು ಭಾಷೆಗಳು, ಒಂದನ್ನೊಂದು ಕಾಣದೆಯೇ, ಒಂದೇ ತಿರುವಿನಲ್ಲಿ ತಿರುಗಿವೆ. ವ್ಯಾಕರಣ ಒಣ ವಿಷಯ ಎನ್ನುವವರಿಗೆ ನಾನು ಇದನ್ನು ಹೇಳುತ್ತೇನೆ.

ಇನ್ನು ಇಷ್ಟದ 'ಲೈಕ್'. ಅದು ಬಂದದ್ದೂ ಇದೇ ಒಡಲಿನಿಂದ. ಹಳೆಯ ಇಂಗ್ಲಿಷಿನ 'ಲೀಚಿಯನ್' ಎಂಬ ಕ್ರಿಯಾಪದಕ್ಕೆ ಹಿಡಿಸು, ಮೆಚ್ಚಿಗೆಯಾಗು ಎಂಬ ಅರ್ಥವಿತ್ತು. ಒಂದೇ ಆಕಾರದ್ದು, ಆದ್ದರಿಂದ ಹೊಂದುವಂಥದ್ದು, ಹೊಂದುವುದರಿಂದ ಹಿತವಾಗುವಂಥದ್ದು. ಹೀಗೆ ಅರ್ಥ ಬೆಳೆದಿದೆ. ಇದು ದೂರದ ಮಾತು ಎನಿಸಿದರೆ ನಮ್ಮ 'ಒಪ್ಪು' ಎಂಬ ಪದವನ್ನು ನೋಡಬೇಕು. 'ಈ ಬಣ್ಣ ನಿನಗೆ ಒಪ್ಪುತ್ತದೆ' ಎಂದರೆ ಹೊಂದುತ್ತದೆ. 'ಹುಡುಗಿ ಒಪ್ಪಿದಳು' ಎಂದರೆ ಮನಸ್ಸು ಕೂಡಿತು. ತಮಿಳಿನಲ್ಲಿ 'ಒಪ್ಪು' ಎಂದರೆ ನೇರವಾಗಿ ಹೋಲಿಕೆ. ಹೋಲಿಕೆ, ಹೊಂದಿಕೆ, ಒಪ್ಪಿಗೆ: ಇಂಗ್ಲಿಷಿನ ಆ ಪದ ನಡೆದ ದಾರಿಯಲ್ಲೇ ನಮ್ಮದೂ ನಡೆದಿದೆ.

ನನಗೆ ತುಂಬ ಪ್ರಿಯವಾದ ಸಂಗತಿ ಬೇರೊಂದಿದೆ. ಹಳೆಯ ಇಂಗ್ಲಿಷಿನಲ್ಲಿ 'ನಾನು ಅದನ್ನು ಲೈಕ್ ಮಾಡುತ್ತೇನೆ' ಎಂಬ ರಚನೆ ಇರಲಿಲ್ಲ. 'ಅದು ನನಗೆ ಲೈಕ್ ಆಗುತ್ತದೆ' ಎಂಬುದೇ ರೂಢಿ. ಆ ರೂಢಿ ಶೇಕ್ಸ್‌ಪಿಯರನ ಕಾಲಕ್ಕೂ ಉಳಿದಿತ್ತು. 17ನೆಯ ಶತಮಾನದ ಆರಂಭದ ಅವನ 'ಕಿಂಗ್ ಲಿಯರ್' ನಾಟಕದಲ್ಲಿ ವೇಷ ಮರೆಸಿಕೊಂಡ ಕೆಂಟ್ ಎಂಬವನು ಒಬ್ಬನನ್ನು ಬಾಯಿಗೆ ಬಂದಂತೆ ಬಯ್ಯುತ್ತಾನೆ. ಅವನ ತಪ್ಪೇನು ಎಂದು ಕಾರ್ನ್‌ವಾಲ್ ಕೇಳಿದಾಗ ಕೆಂಟ್ ಕೊಡುವ ಉತ್ತರ: 'ಹಿಸ್ ಕೌಂಟಿನೆನ್ಸ್ ಲೈಕ್ಸ್ ಮಿ ನಾಟ್.' ಕಾಲೇಜಿನಲ್ಲಿ ಈ ಸಾಲಿಗೆ ಟಿಪ್ಪಣಿ ಬರೆದುಕೊಂಡು, ಹಳೆಯ ಪ್ರಯೋಗ ಎಂದು ಗೆರೆ ಎಳೆದಿದ್ದೆ. ಈಗ ಅನ್ನಿಸುತ್ತದೆ, ಇದಕ್ಕೆ ಟಿಪ್ಪಣಿ ಏಕೆ ಬೇಕಿತ್ತು? 'ಅವನ ಮುಖ ನನಗೆ ಸೇರುವುದಿಲ್ಲ.' ನಮ್ಮ ಹಳ್ಳಿಯ ಯಾವ ಅಜ್ಜಿಯಾದರೂ ಹೇಳುವ ಮಾತು. ನಮಗೆ ಹಾಗಲಕಾಯಿ ಸೇರುವುದಿಲ್ಲ, ಒಂದು ಊರಿನ ನೀರು ಒಗ್ಗುವುದಿಲ್ಲ, ಒಬ್ಬರ ಮಾತು ಹಿಡಿಸುವುದಿಲ್ಲ. ಎಲ್ಲದರಲ್ಲೂ ವಸ್ತು ನಮ್ಮ ಕಡೆಗೆ ಬರುತ್ತದೆ, ನಾವು 'ನನಗೆ' ಎಂಬ ಜಾಗದಲ್ಲಿ ಕುಳಿತಿರುತ್ತೇವೆ. ಇಂಗ್ಲಿಷರು ಆ ಜಾಗ ಬಿಟ್ಟು ಎದ್ದು ಕರ್ತೃವಿನ ಕುರ್ಚಿಗೆ ಹೋದರು. ನಾವು ಇನ್ನೂ ಅಲ್ಲೇ ಇದ್ದೇವೆ, ಇರಬೇಕು ಎಂಬುದು ನನ್ನ ಆಸೆ.

ಏಕೆಂದರೆ ಈಚಿನ ಕನ್ನಡದಲ್ಲಿ 'ನಾನು ಸಂಗೀತವನ್ನು ಇಷ್ಟಪಡುತ್ತೇನೆ', 'ಅವಳು ದೋಸೆಯನ್ನು ಇಷ್ಟಪಡುತ್ತಾಳೆ' ಎಂಬ ವಾಕ್ಯಗಳು ಹೆಚ್ಚುತ್ತಿವೆ. ವ್ಯಾಕರಣದಲ್ಲಿ ತಪ್ಪಿಲ್ಲ. ಆದರೆ ದೋಸೆಯನ್ನು ಯಾರೂ ಪಡುವುದಿಲ್ಲ, ದೋಸೆ ಅವಳಿಗೆ ಇಷ್ಟ. ಇಂಗ್ಲಿಷ್ ಕಲಿಸುವ ನಾವೇ ಪದಗಳ ಪಟ್ಟಿಯಲ್ಲಿ 'ಲೈಕ್ ಎಂದರೆ ಇಷ್ಟಪಡು' ಎಂದು ಬರೆಸಿ ಈ ವಾಕ್ಯಗಳಿಗೆ ದಾರಿ ಮಾಡಿಕೊಟ್ಟೆವು. ಇದು ನನ್ನನ್ನು ಕಾಡುತ್ತದೆ.

ಹೋಲಿಕೆಯ 'ಲೈಕ್' ಅನ್ನು ಕಲಿಸುವುದಕ್ಕೆ ಅಲಂಕಾರದ ಪಾಠಕ್ಕಿಂತ ಒಳ್ಳೆಯ ಬಾಗಿಲಿಲ್ಲ ಎಂಬುದು ನನಗೆ ತಡವಾಗಿ ಹೊಳೆಯಿತು. ಪಕ್ಕದ ಕೊಠಡಿಯಲ್ಲಿ ಕನ್ನಡ ಮೇಷ್ಟ್ರು 'ಭೀಮ ದುರ್ಯೋಧನರು ಮದಗಜಗಳಂತೆ ಹೋರಾಡಿದರು' ಎಂದು ಹಲಗೆಯ ಮೇಲೆ ಬರೆದು, ಉಪಮೇಯ ಯಾವುದು, ಉಪಮಾನ ಯಾವುದು, ವಾಚಕಪದ ಯಾವುದು ಎಂದು ಕೇಳುತ್ತಿದ್ದರು. ಮಕ್ಕಳು ಒಕ್ಕೊರಲಿನಿಂದ 'ಅಂತೆ' ಎನ್ನುತ್ತಿದ್ದರು. ಆ ವಾಚಕಪದವೇ 'ಲೈಕ್'. 'ಸೀತೆಯ ಮುಖ ಕಮಲದಂತೆ ಅರಳಿತು' ಎಂದರೆ ಉಪಮೆ, 'ಸೀತೆಯ ಮುಖಕಮಲ ಅರಳಿತು' ಎಂದರೆ ರೂಪಕ. ಮೊದಲನೆಯದರಲ್ಲಿ ಮುಖಕ್ಕೂ ಕಮಲಕ್ಕೂ ನಡುವೆ ಒಂದು ಸಂದು ಇದೆ, ಎರಡನೆಯದರಲ್ಲಿ ಅದು ಮುಚ್ಚಿಹೋಗಿದೆ.

ಇಂಗ್ಲಿಷಿನಲ್ಲಿ 'ಲೈಕ್' ಮತ್ತು 'ಆ್ಯಸ್' ಬಳಸುವಾಗಲೂ ಆ ಸಂದನ್ನೇ ಹುಡುಕಬೇಕು. 'ಅವರು ನನಗೆ ತಂದೆಯಂತೆ ಬುದ್ಧಿ ಹೇಳಿದರು' ಎಂದರೆ ಅವರು ತಂದೆಯಲ್ಲ, ಅಲ್ಲಿ 'ಲೈಕ್'. 'ತಂದೆಯಾಗಿ ಬುದ್ಧಿ ಹೇಳಿದರು' ಎಂದರೆ ಅವರೇ ತಂದೆ, ಅಲ್ಲಿ 'ಆ್ಯಸ್'. 'ಅಂತೆ' ಮತ್ತು 'ಆಗಿ'. ಇಷ್ಟು ಹೇಳಿದ ಮೇಲೆ ನನ್ನ ತರಗತಿಯಲ್ಲಿ ಈ ತಪ್ಪು ಬಹಳ ಕಡಿಮೆಯಾಯಿತು. ಹತ್ತು ವರ್ಷ ಇಂಗ್ಲಿಷ್ ವ್ಯಾಕರಣ ಪುಸ್ತಕದ ನಿಯಮ ಓದಿಸಿದಾಗ ಆಗದ ಕೆಲಸ ಅದು.

ಇದೇ ಎರಡು ಪದಗಳ ಮೇಲೆ ಅಮೆರಿಕದಲ್ಲಿ ದೊಡ್ಡ ಜಗಳವೇ ನಡೆದಿದೆ. 1954ರಲ್ಲಿ ವಿನ್‌ಸ್ಟನ್ ಎಂಬ ಸಿಗರೇಟಿನ ಜಾಹೀರಾತು 'ಸಿಗರೇಟು ಹೇಗಿರಬೇಕೋ ಹಾಗೆ ರುಚಿಯಾಗಿದೆ' ಎಂಬರ್ಥದ ಘೋಷಣೆಯಲ್ಲಿ 'ಹಾಗೆ' ಎಂಬುದಕ್ಕೆ 'ಲೈಕ್' ಬಳಸಿತು. ಮುಂದೆ ಪೂರ್ಣ ವಾಕ್ಯ ಬಂದರೆ 'ಆ್ಯಸ್' ಇರಬೇಕು ಎಂದು ಪಂಡಿತರು ಸಿಟ್ಟಾದರು. ಮುಂದೆ ಕಂಪನಿಯೇ 'ನಿಮಗೆ ಒಳ್ಳೆಯ ವ್ಯಾಕರಣ ಬೇಕೋ, ಒಳ್ಳೆಯ ರುಚಿ ಬೇಕೋ' ಎಂದು ಕೇಳಿ, ಆ ಸಿಟ್ಟನ್ನೂ ಜಾಹೀರಾತು ಮಾಡಿಕೊಂಡಿತು. ಕನ್ನಡದಲ್ಲಿ ಈ ಜಗಳ ಹುಟ್ಟುವುದಕ್ಕೆ ಜಾಗವೇ ಇಲ್ಲ. 'ಅಮ್ಮನ ಹಾಗೆ' ಎನ್ನುತ್ತೇವೆ, 'ಅಮ್ಮ ಮಾಡುವ ಹಾಗೆ' ಎನ್ನುತ್ತೇವೆ. ನಾಮಪದಕ್ಕೂ ಕ್ರಿಯೆಗೂ ಒಂದೇ 'ಹಾಗೆ' ಅಂಟಿಕೊಳ್ಳುತ್ತದೆ. ನಮ್ಮ ಮಕ್ಕಳು ಎರಡೂ ಕಡೆ 'ಲೈಕ್' ಬರೆಯುವುದು ಅವರ ದಡ್ಡತನದಿಂದಲ್ಲ, ಕನ್ನಡದ ನ್ಯಾಯದಿಂದ. ನಾನೀಗ ಅಲ್ಲಿ ಅಂಕ ಕಳೆಯುವುದಿಲ್ಲ. ಪರೀಕ್ಷೆಯಲ್ಲಿ ಹೀಗೆ ಬರೆಯಬೇಕು ಎಂದು ಅಂಚಿನಲ್ಲಿ ಗುರುತು ಮಾಡುತ್ತೇನೆ, ಅಷ್ಟೇ.

'ಅಲೈಕ್' ಎಂಬ ಪದದ್ದು ಸಣ್ಣ ವಿಷಯ: ಅದು ನಾಮಪದದ ಹಿಂದೆ ನಿಲ್ಲುವುದಿಲ್ಲ. ಇಬ್ಬರೂ ಅಕ್ಕತಂಗಿಯರು 'ಅಲೈಕ್' ಎನ್ನಬಹುದು, 'ಅಲೈಕ್ ಅಕ್ಕತಂಗಿಯರು' ಎನ್ನುವಂತಿಲ್ಲ.

ಕಷ್ಟವಾಗುವುದು 'ಹೇಗಿದ್ದಾನೆ' ಎಂಬ ಒಂದೇ ಪ್ರಶ್ನೆಯಿಂದ. ಹುಡುಗನನ್ನು ನೋಡಿ ಬಂದವರನ್ನು 'ಹುಡುಗ ಹೇಗಿದ್ದಾನೆ?' ಎಂದು ಕೇಳುತ್ತೇವೆ. ಒಬ್ಬರು ಎತ್ತರ, ಬಣ್ಣ ಹೇಳುತ್ತಾರೆ. ಇನ್ನೊಬ್ಬರು ಒಳ್ಳೆಯ ಗುಣ, ಮಾತು ಕಡಿಮೆ ಎನ್ನುತ್ತಾರೆ. ಆಸ್ಪತ್ರೆಯಲ್ಲಿರುವವನ ಬಗ್ಗೆ ಕೇಳಿದರೆ ಅದೇ ಪ್ರಶ್ನೆಗೆ ಜ್ವರ ಇಳಿದಿದೆ ಎಂಬ ಉತ್ತರ. ಸಂದರ್ಭವೇ ಅರ್ಥವನ್ನು ಆರಿಸಿಕೊಡುತ್ತದೆ. ಇಂಗ್ಲಿಷಿನಲ್ಲಿ ಇವು ಮೂರು ಬೇರೆ ಪ್ರಶ್ನೆಗಳು. ಆರೋಗ್ಯಕ್ಕೆ 'ಹೌ', ರೂಪಕ್ಕೆ 'ಲುಕ್ ಲೈಕ್', ಗುಣಕ್ಕೆ 'ವಾಟ್ ಈಸ್ ಹಿ ಲೈಕ್'. ಈ ಮೂರನೆಯದರ ಒಳಗೆ 'ಇವನು ಏನನ್ನು ಹೋಲುತ್ತಾನೆ?' ಎಂಬ ಮಾತು ಅಡಗಿದೆ. ಮನುಷ್ಯನ ಗುಣವನ್ನು ತಿಳಿಯಬೇಕಾದರೆ ಇನ್ನೊಂದರ ಪಕ್ಕ ನಿಲ್ಲಿಸಿ ನೋಡಬೇಕು ಎಂದು ಆ ಭಾಷೆ ನಂಬಿದ ಹಾಗಿದೆ. ನಮ್ಮ ಮಕ್ಕಳಿಗೆ ಆ ಪ್ರಶ್ನೆ ಕೇಳಿದಾಕ್ಷಣ 'ಅವನಿಗೆ ಕ್ರಿಕೆಟ್ ಇಷ್ಟ, ಬಿರಿಯಾನಿ ಇಷ್ಟ' ಎಂದು ಉತ್ತರ ಬರುತ್ತದೆ. ನಾನು ಅದೇ ಹುಡುಗಿಗೆ ಮಾಡಿದ್ದೂ ಇದನ್ನೇ: ಹೋಲಿಕೆ ಇದ್ದ ಕಡೆ ಇಷ್ಟವನ್ನು ಓದಿದ್ದು.

ಆದರೆ ಕೆಲವೆಡೆ ಎರಡು ಭಾಷೆಗಳೂ ಸಲೀಸಾಗಿ ಕೈ ಹಿಡಿದುಕೊಳ್ಳುತ್ತವೆ. 'ಮಳೆ ಬರುವ ಹಾಗಿದೆ.' 'ಇಟ್ ಲುಕ್ಸ್ ಲೈಕ್ ರೇನ್.' ಎರಡರಲ್ಲೂ ಆಕಾಶವೇ ಉಪಮೇಯ, ಇನ್ನೂ ಬಾರದ ಮಳೆಯೇ ಉಪಮಾನ. 'ಲೈಕ್ಲಿ' ಎಂಬ ಪದ ಇಲ್ಲಿಂದಲೇ ಬಂತು. ಆಗುವ ಹಾಗೆ ಕಾಣುವುದು ಆಗುವ ಸಂಭವವುಳ್ಳದ್ದು.

ಪೇಟೆಯಲ್ಲಿ ಓದುವ ನನ್ನ ತಂಗಿಯ ಮಗಳು ಫೋನಿನಲ್ಲಿ ಗೆಳತಿಯೊಡನೆ ಇಂಗ್ಲಿಷಿನಲ್ಲಿ ಮಾತಾಡುವಾಗ ಮಾತಿಗೊಂದು 'ಲೈಕ್' ಹಾಕುತ್ತಾಳೆ. 'ಅವಳು ಹೀಗೆಂದಳು' ಎನ್ನುವುದಕ್ಕೆ 'ಶಿ ವಾಸ್ ಲೈಕ್' ಎನ್ನುತ್ತಾಳೆ. ನನಗೆ ಮೊದಲು ಸಿಟ್ಟು ಬರುತ್ತಿತ್ತು. ಈ ಪ್ರಯೋಗಕ್ಕೂ ಅಮೆರಿಕದಲ್ಲಿ ಬಯ್ಯುವವರು ಬೇಕಾದಷ್ಟಿದ್ದಾರೆ, 1980ರ ದಶಕದ ಕ್ಯಾಲಿಫೋರ್ನಿಯಾದ ಹುಡುಗಿಯರಿಂದ ಬಂದ ರೋಗ ಎಂದು. ಅಲೆಕ್ಸಾಂಡ್ರಾ ಡಾರ್ಸಿ ಎಂಬ ಭಾಷಾವಿಜ್ಞಾನಿ 2017ರಲ್ಲಿ ಈ ಒಂದೇ ಪದದ ಎಂಟುನೂರು ವರ್ಷಗಳ ಬಾಳಿನ ಬಗ್ಗೆ ಒಂದು ಇಡೀ ಪುಸ್ತಕ ಬರೆದರು. ಮಾತಿನ ನಡುವೆ ಬರುವ ಈ 'ಲೈಕ್'ನ ಎಲ್ಲ ಬಳಕೆಗಳೂ ಹೊಸತಲ್ಲ, ಬ್ರಿಟನ್ನಿನ ಹಳ್ಳಿಗಳ ಮುದುಕರೂ ಮಾತಿನ ಕೊನೆಗೆ ಅದನ್ನು ಸೇರಿಸುತ್ತಿದ್ದರು. ನಾವು 'ಒಂಥರಾ ಆಯಿತು' ಎನ್ನುವುದಿಲ್ಲವೇ? ಯಾವ ಥರ ಎಂದು ಯಾರೂ ಕೇಳುವುದಿಲ್ಲ.

ಹುಡುಗಿ 'ಶಿ ವಾಸ್ ಲೈಕ್' ಎನ್ನುವಾಗ ಅವಳು ಮಾತನ್ನು ಅಕ್ಷರಶಃ ಒಪ್ಪಿಸುತ್ತಿಲ್ಲ. ಆ ಮಾತಿನ ಧಾಟಿ, ಮುಖ, ಕೈ ತಿರುವಿದ ರೀತಿ, ಎಲ್ಲವನ್ನೂ ಸೇರಿಸಿ ಹೋಲುವಂತೆ ತೋರಿಸುತ್ತಿದ್ದಾಳೆ. ಕನ್ನಡದಲ್ಲಿ ಹೋಲಿಕೆಗೂ 'ಅಂತೆ', ಕೇಳಿದ ಸುದ್ದಿಗೂ 'ಅಂತೆ'. ಹೂವಿನಂತೆ, ಬಂದನಂತೆ. ಎರಡೂ ಒಂದೇ ಬೇರಿನವು ಎಂದು ನಾನು ವಾದಿಸುತ್ತಿಲ್ಲ, ಮೊದಲನೆಯದರ ಹಿಂದೆ 'ಅಂತು' ಇದೆ, ಎರಡನೆಯದರ ಹಿಂದೆ 'ಅನ್ನು' ಇದೆ. ಆದರೆ ಕಿವಿಗೆ ಎರಡೂ ಒಂದೇ, ಕೆಲಸದಲ್ಲೂ ನೆಂಟರೇ. ಇದು ಅದೇ ಅಲ್ಲ, ಅದರ ಹತ್ತಿರದ್ದು ಎಂದು ಎರಡೂ ಎಚ್ಚರಿಸುತ್ತವೆ.

ಫೇಸ್‌ಬುಕ್ಕಿನ ಹೆಬ್ಬೆರಳಿನ ಗುರುತು 2009ರ ಫೆಬ್ರುವರಿಯಲ್ಲಿ ಬಂತು. ಆಮೇಲೆ 'ಲೈಕ್' ಕನ್ನಡದ ಪದವೇ ಆಗಿಹೋಯಿತು, 'ಎಷ್ಟು ಲೈಕ್ ಬಂತು' ಎಂದು ಎಣಿಸುವ ವಸ್ತುವಾಯಿತು. ಪರಿಚಿತರೊಬ್ಬರು ತಂದೆ ತೀರಿಕೊಂಡ ಸುದ್ದಿ ಹಾಕಿದಾಗ ಅದರ ಕೆಳಗೆ ಸಾಲು ಸಾಲು ಹೆಬ್ಬೆರಳುಗಳನ್ನು ನೋಡಿ ಮನಸ್ಸು ಮುದುಡಿದ್ದು ನೆನಪಿದೆ. ಅಳುವ ಮುಖ ಆ ಸಾಲಿಗೆ ಸೇರಿದ್ದು 2016ರಲ್ಲಿ. ಹೆಬ್ಬೆರಳು ಒತ್ತಿದವರು ಸಾವನ್ನು ಮೆಚ್ಚಿದವರಲ್ಲ. ನಾವೂ ನಿಮ್ಮ ಪಕ್ಕ ಇದ್ದೇವೆ ಎಂದು ಹೇಳಲು ಅವರಿಗೆ ಆ ಒಂದೇ ಗುರುತು ಇತ್ತು.

ಆ ವರ್ಷ ಏಪ್ರಿಲ್‌ನಲ್ಲಿ ಹುಡುಗಿಯ ವರ್ಗಾವಣೆ ಪತ್ರ ಪಡೆಯಲು ಅವಳ ಅಮ್ಮ ಶಾಲೆಗೆ ಬಂದರು. ಮಗಳನ್ನು ಬೆಂಗಳೂರಿಗೇ ಕರೆದುಕೊಂಡು ಹೋಗುವುದೆಂದು ತೀರ್ಮಾನವಾಗಿತ್ತು. ನನಗೆ ಅದು ಮೊದಲೇ ತಿಳಿದಿರಲಿಲ್ಲ. ನಾನು ವರಾಂಡದಲ್ಲಿ ನಿಂತಿದ್ದೆ. ಬಸ್ ಇಳಿದ ನಾಲ್ಕೈದು ಜನ ಇಳಿಜಾರಿನಲ್ಲಿ ಬರುತ್ತಿದ್ದರು. ಬಿಸಿಲಿಗೆ ಎಲ್ಲರ ತಲೆಯ ಮೇಲೂ ಕೊಡೆ ಅಥವಾ ಸೆರಗು, ಒಬ್ಬರ ಮುಖವೂ ಕಾಣುತ್ತಿರಲಿಲ್ಲ. ಅವರಲ್ಲಿ ಒಬ್ಬರು ಉಳಿದವರನ್ನು ಹಿಂದೆ ಹಾಕಿ, ಎಡಗೈಯಲ್ಲಿ ಸೀರೆಯ ನಿರಿಗೆಯನ್ನು ತುಸು ಎತ್ತಿಕೊಂಡು, ಸರಸರನೆ ಗೇಟು ದಾಟಿ ಬಂದರು.

ನಾನು ಮೆಟ್ಟಿಲಿಳಿದು ಹೋಗಿ ಅವರ ಮಗಳ ಹೆಸರು ಹೇಳಿ, "ನೀವು ಅವಳ ಅಮ್ಮ ಅಲ್ಲವೇ?" ಎಂದೆ.

ಅವರು ಕೊಡೆ ಮಡಚಿದರು. "ಹೌದು ಮೇಡಂ. ನೀವು ನನ್ನನ್ನು ಎಲ್ಲಿ ನೋಡಿದ್ದಿರಿ?"